ಸದ್ದು ಮಾಡ್ಬೇಡಿ, ಯುದ್ಧ ನಡೀತಿದೆ

ತುಮಕೂರಿನವರಿಗೆ ಪಿಸುಮಾತು ಬರುವುದಿಲ್ಲ. ಬೈಯಲಿ, ಹೊಗಳಲಿ, ಗುಟ್ಟು ಹೇಳಲಿ, ದನಿ ಒಂದೇ. ನಮ್ಮ ಬೀದಿಯಲ್ಲಿ 'ಯಾರಿಗೂ ಹೇಳ್ಬೇಡ' ಅಂತ ಶುರುವಾದ ಮಾತು ಮುಗಿಯುವಷ್ಟರಲ್ಲಿ ಎದುರು ಮನೆಯವರು ಕಿಟಕಿಯಿಂದಲೇ ತಮ್ಮ ಅಭಿಪ್ರಾಯ ಸೇರಿಸಿರುತ್ತಾರೆ. ಶಿರಾ ಬಸ್ಸಿನಲ್ಲಿ ಕೂತು ಮನೆಗೆ ಫೋನ್ ಮಾಡುವವರ ದನಿ ಕೇಳಿದರೆ, ಇವರಿಗೆ ಫೋನ್ ಆದರೂ ಯಾಕೆ ಬೇಕಿತ್ತು ಅನ್ನಿಸುತ್ತದೆ. ಇಂಥ ಜನರನ್ನು ಕಟ್ಟಿಕೊಂಡು ಸದ್ದಿಲ್ಲದೆ ಯುದ್ಧ ಗೆಲ್ಲುತ್ತೇನೆ ಅಂತ ಹೊರಟವನು ನಮ್ಮ ಕ್ಯಾಪ್ಟನ್.

ಯುದ್ಧ ಅಂದರೆ ಏರ್‌ಸಾಫ್ಟ್. 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾದ ಆಟ. ಅಲ್ಲಿ ಸಾಮಾನ್ಯ ಜನ ನಿಜವಾದ ಬಂದೂಕು ಇಟ್ಟುಕೊಳ್ಳುವುದು ಬಲು ಕಷ್ಟ, ಕಾನೂನು ಅಷ್ಟು ಬಿಗಿ. ಆಸೆಗೆ ಕಾನೂನು ಇಲ್ಲವಲ್ಲ. ನೋಡಲು ಥೇಟ್ ಬಂದೂಕು, ಒಳಗೆ 6 ಮಿಲಿಮೀಟರ್‌ನ ಪ್ಲಾಸ್ಟಿಕ್ ಗುಂಡು. ಮಾಮೂಲಿ ಗುಂಡಿನ ತೂಕ 0.20 ಗ್ರಾಂ. ಅದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬಂದರೆ 1 ಜೂಲ್ ಶಕ್ತಿ. ಬೆನ್ನಿಗೆ ಬಿದ್ದರೆ 'ಅಯ್ಯಪ್ಪಾ' ಅಂದು ಉಜ್ಜಿಕೊಳ್ಳಬಹುದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಅದಕ್ಕೇ ಮೈದಾನದೊಳಗೆ ಏನೇ ಆದರೂ ಕನ್ನಡಕ ತೆಗೆಯುವಂತಿಲ್ಲ.

ಪೇಂಟ್‌ಬಾಲ್‌ನ ಹಾಗೆ ಇಲ್ಲಿ ಬಣ್ಣ ಮೆತ್ತಿಕೊಳ್ಳುವುದಿಲ್ಲ. ಗುಂಡು ಬಿತ್ತೋ ಇಲ್ವೋ ಅನ್ನುವುದು ಸರಿಯಾಗಿ ಗೊತ್ತಿರುವುದು ತಿಂದವನಿಗೆ ಮಾತ್ರ. ಆದ್ದರಿಂದ ಅವನೇ ಕೈ ಎತ್ತಿ 'ಹಿಟ್' ಅಂತ ಕೂಗಿ, ತಲೆ ಮೇಲೆ ಕೆಂಪು ಬಟ್ಟೆ ಹಾಕಿಕೊಂಡು ಹೊರಗೆ ನಡೆಯಬೇಕು. ಆಟ ನಿಂತಿರುವುದೇ ಈ ಪ್ರಾಮಾಣಿಕತೆಯ ಮೇಲೆ. ಗಲ್ಲಿ ಕ್ರಿಕೆಟ್‌ನಲ್ಲಿ ಸ್ಟಂಪ್ ಉರುಳಿದರೂ 'ಗಾಳಿಗೆ ಬಿತ್ತು' ಅಂತ ವಾದಿಸಿ ಬೆಳೆದವರಿಗೆ ಇದೇ ದೊಡ್ಡ ಪರೀಕ್ಷೆ.

ನಮ್ಮ ರಣರಂಗ ದೇವರಾಯನದುರ್ಗದ ದಾರಿಯಲ್ಲಿರುವ ಒಂದು ಹುಣಸೆ ತೋಪು. ಗೆಳೆಯನ ಮಾವನದು. ಪಕ್ಕದಲ್ಲೇ ಕೆಲಸ ನಿಂತುಹೋದ ಇಟ್ಟಿಗೆ ಭಟ್ಟಿ, ಆಚೆಗೆ ಬೆಟ್ಟ, ಆಗಾಗ ನವಿಲಿನ ಕೂಗು. ಮಾವನೇ ರೆಫರಿ. ಹಿಂದೊಮ್ಮೆ ಪಂಚಾಯಿತಿ ಮೆಂಬರ್ ಆಗಿದ್ದವರು, ತೀರ್ಪು ಕೊಡುವುದು ಅಂದರೆ ಅವರಿಗೆ ಪ್ರಾಣ. ನಮ್ಮ ತಂಡದಲ್ಲಿ ಒಬ್ಬರು ಪಿಟಿ ಮೇಷ್ಟ್ರು, ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿ, ಬ್ಯಾಂಕಿನವನು, ಪಾವಗಡ ರೂಟಿನ ಖಾಸಗಿ ಬಸ್ಸೊಂದರ ಮಾಲೀಕರ ಮಗ, ನಾನು. ಕ್ಯಾಪ್ಟನ್ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಸಾಫ್ಟ್‌ವೇರ್ ಹುಡುಗ. ಯಶವಂತಪುರ ಬರುವಷ್ಟರಲ್ಲಿ ವಿಡಿಯೋ ನೋಡಿ ನೋಡಿ ಕಮಾಂಡೋ ಆದವನು. ಎದುರಾಳಿಗಳು ಗುಬ್ಬಿಯವರು.

ಕೈಸನ್ನೆ ಯಾಕೆ ಬೇಕಾಯಿತು ಅಂದರೆ, 'ಭಟ್ಟಿ ಹಿಂದೆ ಇಬ್ರು ಅವ್ರೆ, ಮೆಲ್ಲಗೆ ಹೋಗಿ' ಅಂತ ನಮ್ಮವರು ಮೆಲ್ಲಗೆ ಹೇಳಿದ್ದು ಭಟ್ಟಿ ಹಿಂದಿನ ಇಬ್ಬರಿಗೂ ಕೇಳಿಸುತ್ತಿತ್ತು. ಒಮ್ಮೆ ಅಲ್ಲಿಂದಲೇ 'ಇಬ್ರಲ್ಲ, ಮೂವರು' ಅಂತ ಉತ್ತರವೂ ಬಂತು.

ಅಮೆರಿಕದ ಸೈನ್ಯ ಈ ಸನ್ನೆಗಳಿಗೆ ಅಂತಲೇ ಕೈಪಿಡಿ ಇಟ್ಟುಕೊಂಡಿದೆ. ಏರ್‌ಸಾಫ್ಟ್ ಆಡುವವರು ಬಳಸುವುದು ಹೆಚ್ಚುಕಡಿಮೆ ಅದನ್ನೇ. ಮುಷ್ಟಿ ಕಟ್ಟಿ ಎತ್ತಿದರೆ ಇದ್ದಲ್ಲೇ ಕಲ್ಲಾಗಬೇಕು. ಅಂಗೈ ಬಿಚ್ಚಿ ಎತ್ತಿದರೆ ನಿಲ್ಲಬೇಕು. ಅಂಗೈ ಕೆಳಗೆ ಮಾಡಿ ಒತ್ತಿದರೆ ಬಗ್ಗಬೇಕು. ಎರಡು ಬೆರಳು ಕಣ್ಣಿಗೆ ತೋರಿಸಿ ಆಚೆ ತೋರಿಸಿದರೆ ಅಲ್ಲಿ ನೋಡಬೇಕು. ತಲೆ ತಟ್ಟಿಕೊಂಡರೆ 'ನಾನು ಮುಂದೆ ಹೋಗ್ತೀನಿ, ನೀನು ನನಗೆ ಕಾವಲಿರು' ಅಂತ. ಕ್ಯಾಪ್ಟನ್ ಇದನ್ನೆಲ್ಲ ತೋಪಿನ ಮನೆಯ ಜಗುಲಿಯ ಮೇಲೆ ನಿಂತು ಕಲಿಸಿದ. 'ಇದನ್ನೇ ಸಾವಧಾನ್, ವಿಶ್ರಾಮ್‌ನಲ್ಲಿ ಮುಗಿಸಬಹುದಲ್ಲಾ' ಅಂತ ಪಿಟಿ ಮೇಷ್ಟ್ರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಜಗುಲಿಯ ಮೇಲೆ ಎಲ್ಲ ಚೆನ್ನಾಗಿಯೇ ನಡೆಯಿತು. ತೊಂದರೆ ಏನೆಂದರೆ, ನಮ್ಮ ಕೈಗಳು ಖಾಲಿ ಇರಲಿಲ್ಲ. ಹುಟ್ಟಿದಾಗಿನಿಂದ ಅವು ಏನೇನೋ ಹೇಳುತ್ತಲೇ ಬಂದಿವೆ.

ನಮ್ಮ ಕಡೆ ಯಾರನ್ನಾದರೂ ಕರೆಯುವಾಗ ಅಂಗೈ ಕೆಳಗೆ ಮಾಡಿ ಬೆರಳು ಆಡಿಸುತ್ತೇವೆ, ಅಲ್ವಾ? ಅಂಗೈ ಮೇಲೆ ಮಾಡಿ ಒಂದೇ ಬೆರಳಲ್ಲಿ ಕರೆದರೆ ಜಗಳಕ್ಕೆ ಕರೆದಂತೆ. ಭಟ್ಟಿಯ ಗೋಡೆಯ ಮೇಲೆ ಗುಬ್ಬಿಯವನೊಬ್ಬನ ತಲೆ ಕಂಡಿತು. ಕ್ಯಾಪ್ಟನ್ ಗಾಬರಿಯಲ್ಲಿ ಅಂಗೈ ಕೆಳಗೆ ಮಾಡಿ ಪಟಪಟ ಒತ್ತಿದ. ಬಗ್ಗಿ, ಬಗ್ಗಿ! ಇಷ್ಟು ಅವಸರದಲ್ಲಿ ಕರೀತಿದ್ದಾನಲ್ಲ, ಏನೋ ಆಗಿದೆ ಅಂತ ಅಡಗಿ ಕೂತಿದ್ದವರೆಲ್ಲ ಎದ್ದು ಅವನ ಕಡೆ ಓಡಿದರು. ಅವನು ಇನ್ನೂ ಗಾಬರಿಯಾಗಿ ಇನ್ನೂ ಜೋರಾಗಿ ಒತ್ತಿದ. ಇವರು ಇನ್ನೂ ಜೋರಾಗಿ ಓಡಿದರು. ಕೊನೆಗೆ ಒಂದೇ ಹುಣಸೆ ಮರದ ಹಿಂದೆ ಇಡೀ ತಂಡ. ಮರ ದಪ್ಪವೇ ಇತ್ತು, ಆದರೆ ಕೊಬ್ಬರಿ ವ್ಯಾಪಾರಿ ಅದಕ್ಕಿಂತ ದಪ್ಪ. ಗುಬ್ಬಿಯವರು ಗುರಿ ಇಡುವ ಗೋಜಿಗೂ ಹೋಗಲಿಲ್ಲ.

ಆಮೇಲೆ ಕ್ರಿಕೆಟ್. ಈ ದೇಶದಲ್ಲಿ ಕೈಸನ್ನೆ ಕಲಿಸಲು ಹೊರಟವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಎರಡೂ ತೋಳು ಪಕ್ಕಕ್ಕೆ ಚಾಚಿದರೆ ಸೈನ್ಯದಲ್ಲಿ 'ಸಾಲಾಗಿ ಹರಡಿಕೊಳ್ಳಿ'. ಕ್ಯಾಪ್ಟನ್ ಚಾಚಿದ. 'ವೈಡಾ? ಇದು ಯಾವ ಸೀಮೆ ವೈಡು!' ಅಂತ ಬ್ಯಾಂಕಿನವನು ಪೊದೆಯಿಂದಲೇ ಕೂಗಿದ, ಔಟಾದ. ತಲೆಯ ಮೇಲೆ ಅಂಗೈ ಎತ್ತಿ 'ನಿಲ್ಲಿ' ಅಂದರೆ ಅಂಪೈರ್ ಲೆಕ್ಕದಲ್ಲಿ ಅದು ಬೈ. ಬೈ ಅಂದ ಮೇಲೆ ಓಡಬೇಕು. ಬಸ್ ಮಾಲೀಕರ ಮಗ ಓಡಿದ.

ಇದರಲ್ಲಿ ನನಗೆ ಮರೆಯಲಾಗದ್ದು ಪಿಟಿ ಮೇಷ್ಟ್ರ ನಿರ್ಗಮನ. ಅವರು ತಾಲ್ಲೂಕು ಮಟ್ಟದ ಪಂದ್ಯಗಳಿಗೆ ಅಂಪೈರ್ ಆಗಿ ನಿಂತವರು. ಕ್ಯಾಪ್ಟನ್ ಅವರ ಕಡೆ ನೋಡಿ ತೋರುಬೆರಳು ಎತ್ತಿದ. 'ಆ ಕಡೆ ಒಬ್ಬ ಇದ್ದಾನೆ' ಅಂತ ಅದರ ಅರ್ಥ. ಮೇಷ್ಟ್ರು ಆ ಬೆರಳನ್ನು ಒಂದು ಕ್ಷಣ ನೋಡಿದರು. ಕತ್ತು ತಗ್ಗಿಸಿದರು. ಬಂದೂಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಗವಸು ಬಿಚ್ಚುತ್ತಾ, ಕೆಂಪು ಬಟ್ಟೆ ತಲೆಗೆ ಹಾಕಿಕೊಂಡು ನಿಧಾನವಾಗಿ ಪೆವಿಲಿಯನ್ ಕಡೆ, ಅಂದರೆ ಮಾವನ ದನದ ಕೊಟ್ಟಿಗೆ ಕಡೆ ನಡೆದುಬಿಟ್ಟರು. 'ಗುಂಡು ಬಿದ್ದಿದ್ದು ನಂಗೆ ಗೊತ್ತಾಗ್ಲಿಲ್ಲ. ಆದ್ರೆ ಬೆರಳು ಎತ್ತಿದ ಮೇಲೆ ನಿಂತು ವಾದ ಮಾಡೋನು ಆಟಗಾರನೇ ಅಲ್ಲ' ಅಂತ ಆಮೇಲೆ ಹೇಳಿದರು. ಅಂಥವರ ಮುಂದೆ ಯಾರು ಏನು ಹೇಳುವುದು?

ಕೆಂಪು ಬಟ್ಟೆಯದ್ದೂ ಒಂದು ಕತೆ. ಬಸ್ ಮಾಲೀಕರ ಮಗ ತಂದಿದ್ದು ರಾಜ್ಯೋತ್ಸವದ ಶಾಲು. ಅರ್ಧ ಹಳದಿ, ಅರ್ಧ ಕೆಂಪು. 'ನೀನು ಪೂರ್ತಿ ಸತ್ತಿದ್ದೀಯೋ, ಅರ್ಧ ಸತ್ತಿದ್ದೀಯೋ?' ಅಂತ ಮಾವ ಕೇಳಿದರು. ಅವನು ಕೆಂಪು ಭಾಗ ಮೇಲೆ ಬರುವಂತೆ ಮಡಚಲು ನಿಂತ. ಅಷ್ಟರಲ್ಲಿ ಇನ್ನೂ ನಾಲ್ಕು ಗುಂಡು ಬಿದ್ದವು.

ಇನ್ನು ಶಾಲೆ. ಎರಡು ಬೆರಳು ಎತ್ತಿದರೆ ಏನರ್ಥ ಅಂತ ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಿರುಬೆರಳು ಒಂದಕ್ಕೆ, ಎರಡು ಬೆರಳು ಎರಡಕ್ಕೆ. ಕ್ಯಾಪ್ಟನ್ ಎರಡು ಬೆರಳನ್ನು ತನ್ನ ಕಣ್ಣಿನ ಹತ್ತಿರ ಹಿಡಿದು, ಆಮೇಲೆ ಲಂಟಾನ ಪೊದೆಯ ಕಡೆ ತೋರಿಸಿದ. ಅಲ್ಲಿ ಇಬ್ಬರು ಅಡಗಿದ್ದರು. ನಮ್ಮವರಿಗೆ ಕಂಡಿದ್ದು ಎರಡು ಬೆರಳು ಮತ್ತು ಪೊದೆ. ಎಲ್ಲರೂ ಮರ್ಯಾದೆಯಿಂದ ಬೇರೆ ಕಡೆ ತಿರುಗಿದರು. ಬ್ಯಾಂಕಿನವನು ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಉರುಳಿಸಿದ. ಒಳ್ಳೆಯ ಮನಸ್ಸು, ಇಲ್ಲ ಅನ್ನುವಂತಿಲ್ಲ.

ಇದಕ್ಕೆಲ್ಲ ಕಿರೀಟ ಇಟ್ಟಂತೆ ನಮ್ಮದೇ ಒಂದು ಸನ್ನೆ ಇದೆ. ಬೆರಳು ಬಿಡಿಸಿ ಮಣಿಕಟ್ಟು ತಿರುಗಿಸುವುದು. 'ಏನು?' ಅಂತ. ಕ್ಯಾಪ್ಟನ್ ಏನು ಮಾಡಿದರೂ ತೋಪಿನ ಮೂಲೆ ಮೂಲೆಯಿಂದ ಒಂದೊಂದು ಮಣಿಕಟ್ಟು ತಿರುಗುತ್ತಿತ್ತು. ಅವನು ಕೈ ಬೀಸಿ ಬೀಸಿ ಮತ್ತೆ ತೋರಿಸುತ್ತಿದ್ದ. ಮಂಜುಗಟ್ಟಿದ ಕನ್ನಡಕದೊಳಗಿಂದ ಅದು ಕಾಣುತ್ತಿತ್ತೋ ಇಲ್ಲವೋ, ನಮ್ಮವರು ತಲೆ ಆಡಿಸುತ್ತಿದ್ದರು. ನಮ್ಮ ತಲೆಯಾಟ ಹೌದೋ ಅಲ್ಲವೋ ಅಂತ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ.

ಮುಷ್ಟಿ ಎತ್ತಿದ್ದಂತೂ ಪೂರ್ತಿ ದಂಡ. ಗುಂಡು ತಿಂದವನೂ ಕೈ ಎತ್ತುತ್ತಾನೆ, ನಿಲ್ಲಿ ಅನ್ನುವವನೂ ಕೈ ಎತ್ತುತ್ತಾನೆ. ಕ್ಯಾಪ್ಟನ್ ಸತ್ತ ಅಂತ ತಿಳಿದು ನಾವು ಮನೆಗೆ ಹೊರಡುವುದರಲ್ಲಿದ್ದೆವು.

ಕೊಬ್ಬರಿ ವ್ಯಾಪಾರಿ ಆಗ ಬಾಯಿ ಬಿಟ್ಟ. ಅವನ ತಾತ ದನದ ದಲ್ಲಾಳಿ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದಲ್ಲ, ಅಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ವ್ಯಾಪಾರ ಮುಗಿಸುವುದನ್ನು ನೀವು ನೋಡಿರಬಹುದು. ಸುತ್ತ ನೂರು ಜನ ಇದ್ದರೂ ಜೋಡಿ ಎತ್ತು ಎಷ್ಟಕ್ಕೆ ಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಮುಖದಲ್ಲಿ ಒಂದು ಗೆರೆ ಕದಲುವುದಿಲ್ಲ. 'ಇದಕ್ಕಿಂತ ಗುಟ್ಟಿನ ಭಾಷೆ ಯಾವ ಸೈನ್ಯದಲ್ಲಿದೆ?' ಅಂದ. ಮಾತು ನಿಜವೇ.

ಹಾಗಾಗಿ ಅವನೂ ಬ್ಯಾಂಕಿನವನೂ ಒಂದು ಮರದ ಬುಡದಲ್ಲಿ ಕೂತು, ಕೈ ಮೇಲೆ ಟವೆಲ್ ಹೊದ್ದುಕೊಂಡರು. ವ್ಯಾಪಾರಿ ಎರಡು ಬೆರಳು ಹಿಡಿದ. ಬ್ಯಾಂಕಿನವನು ಮುಖ ಹತ್ತಿರ ತಂದು ಕೇಳಿದ:

'ಎರಡಾ, ಇಪ್ಪತ್ತಾ?'

'ಎರಡು.'

'ಸ್ವಲ್ಪ ಕಮ್ಮಿ ಆಗಲ್ವಾ?'

ಅಷ್ಟರಲ್ಲಿ ಆ ಎರಡು ಬೆರಳಿನ ಲೆಕ್ಕದ ಇಬ್ಬರು ಎದುರಾಳಿಗಳೂ ಬಂದು, ಬೆನ್ನಿಗೆ ಬಂದೂಕು ಒತ್ತಿ, ವ್ಯಾಪಾರ ಮುಗಿಯುವ ತನಕ ಕಾದು ನಿಂತರು. ಗುಬ್ಬಿಯವರಿಗೂ ದನದ ಜಾತ್ರೆಯ ಮೇಲೆ ಗೌರವ ಇದೆ.

ಈ ಟವೆಲ್ ಪ್ರಸಂಗದಿಂದ ಕ್ಯಾಪ್ಟನ್‌ಗೆ ಒಂದು ದಾರಿ ಹೊಳೆಯಿತು. ಅಮೆರಿಕದ ಸನ್ನೆ ಬಿಟ್ಟು ನಮ್ಮವೇ ಸನ್ನೆ ಇಟ್ಟುಕೊಳ್ಳೋಣ ಅಂದ. ಬರೀ ಅರ್ಥ ಬದಲಿಸಿದರಾಯಿತು. ಒಂದು ಬೆರಳಿನಿಂದ ಇನ್ನೊಂದು ಬೆರಳನ್ನು ಕುಯ್ಯುವಂತೆ ಮಾಡಿ ಹೋಟೆಲಿನಲ್ಲಿ ಬೈ ಟೂ ಕಾಫಿ ಕೇಳುತ್ತೇವಲ್ಲ, ಅದು 'ಎರಡು ಭಾಗ ಆಗಿ' ಅಂತ. ಮರಕ್ಕೆ ಒಂದು ಏಟು ತಟ್ಟಿದರೆ ನಿಲ್ಲು, ಎರಡು ಏಟಿಗೆ ಹೊರಡು. ಇದು ಬಸ್ ಮಾಲೀಕರ ಮಗನ ಕೊಡುಗೆ, ಬಸ್ಸಿನ ಪಕ್ಕೆಗೆ ಬಡಿದು ಬಂದ ವಿದ್ಯೆ. ಕಿರುಬೆರಳು ಎತ್ತಿದರೆ 'ನಾನು ಈ ಜಾಗ ಬಿಡ್ತಿದ್ದೀನಿ, ನೋಡ್ಕೊಳ್ಳಿ' ಅಂತ.

ಏನು ಚೆಂದ ನಡೆಯಿತು ಅಂತೀರಿ! ಒಂದೇ ಒಂದು ಮಣಿಕಟ್ಟು ತಿರುಗಲಿಲ್ಲ. ಬೈ ಟೂ ಅಂದ ತಕ್ಷಣ ತಂಡ ಎರಡಾಯಿತು. ಸಮಸ್ಯೆ ಇದ್ದಿದ್ದು ಒಂದೇ. ಗುಬ್ಬಿಯವರೂ ಬೈ ಟೂ ಕಾಫಿ ಕುಡಿಯುವವರೇ. ಅವರಿಗೂ ಎಲ್ಲ ಅರ್ಥವಾಗುತ್ತಿತ್ತು.

ಅವತ್ತು ಕೊಬ್ಬರಿ ವ್ಯಾಪಾರಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೊಡೆದು, ತೋಪಿನ ಮನೆಯಲ್ಲಿ ಲೋಟಗಟ್ಟಲೆ ಮಜ್ಜಿಗೆ ಕುಡಿದು ಕಣಕ್ಕಿಳಿದಿದ್ದ. ಆಟ ಬಿಗಿಯಾಗಿದ್ದಾಗ ಮರದ ಮರೆಯಿಂದ ಕಿರುಬೆರಳು ಎತ್ತಿದ. ಭಟ್ಟಿಯ ಗೋಡೆಯ ಹಿಂದಿದ್ದ ಇಬ್ಬರು ಗುಬ್ಬಿಯವರು ಅದನ್ನು ನೋಡಿದರು. ಬಂದೂಕು ಕೆಳಗಿಟ್ಟು ಬೆಟ್ಟದ ಕಡೆ ಮುಖ ತಿರುಗಿಸಿ ನಿಂತರು. ಬ್ಯಾಂಕಿನವನು ಇಬ್ಬರ ಬೆನ್ನಿಗೂ ಹೊಡೆದ.

'ಹಿಟ್' ಅಂತ ಕೂಗಿದರು, ಪ್ರಾಮಾಣಿಕರು. ಕೂಗಿದ ಮೇಲೆ ಜಗಳಕ್ಕೆ ಬಂದರು, ಅದೂ ಪ್ರಾಮಾಣಿಕವಾಗಿಯೇ. 'ಒಂದಕ್ಕೆ ಹೋಗೋನಿಗೆ ಮರ್ಯಾದೆ ಕೊಟ್ರೆ ಬೆನ್ನಿಗೆ ಹೊಡೀತೀರೇನ್ರಿ?' ಅಂತ ಒಬ್ಬ. 'ಅದು ನಮ್ಮ ಸಿಗ್ನಲ್' ಅಂತ ಕ್ಯಾಪ್ಟನ್. 'ಹಂಗಾದ್ರೆ ಅವನು ನಿಜವಾಗ್ಲೂ ಹೋಗಿದ್ಯಾಕೆ?' ಅಂತ ಇನ್ನೊಬ್ಬ. ಸಾಕ್ಷಿ ಹೇಳಬೇಕಾದವನು ಬೇಲಿಯ ಆಚೆ ಇನ್ನೂ ನಿಂತೇ ಇದ್ದ. ಆಟ ನಿಂತಿತು. ಎರಡೂ ತಂಡ ಅವನಿಗಾಗಿ ಕಾದವು.

ಮಾವನಿಗೆ ಇದಕ್ಕಿಂತ ಒಳ್ಳೆಯ ದಿನ ಬೇಕಿರಲಿಲ್ಲ. ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಎರಡೂ ಕಡೆ ಕೇಳಿದರು. ವ್ಯಾಪಾರಿಯನ್ನು ಕರೆದು 'ನೀನು ಹೋಗಿದ್ದು ಆಟಕ್ಕೋ, ಅವಸರಕ್ಕೋ?' ಅಂತ ವಿಚಾರಿಸಿದರು. 'ಎರಡಕ್ಕೂ' ಅಂದ ಅವನು. 'ಎರಡಕ್ಕಾ? ಒಂದಕ್ಕೆ ಅಂದ್ರಲ್ಲ ಇವರು' ಅಂತ ಮಾವ ಗೊಂದಲಕ್ಕೆ ಬಿದ್ದರು. ಕೊನೆಗೆ ನಿಯಮದ ಹಾಳೆ ತರಿಸಿ, ಅದರ ಕೆಳಗೆ ಪೆನ್ನಿನಲ್ಲಿ ಬರೆದು ಸಹಿ ಹಾಕಿದರು: 'ಕಿರುಬೆರಳು ಎತ್ತಿದವರಿಗೆ ಗುಂಡು ಹಾರಿಸತಕ್ಕದ್ದಲ್ಲ.'

ಊಟ ಆದ ಮೇಲೆ ಮತ್ತೆ ಆಟ ಶುರುವಾಯಿತು. ಎರಡೂ ತಂಡದವರು ಬಲಗೈಯಲ್ಲಿ ಬಂದೂಕು, ಎಡಗೈಯಲ್ಲಿ ಕಿರುಬೆರಳು ಎತ್ತಿಕೊಂಡು ತೋಪಿನ ತುಂಬ ರಾಜಾರೋಷವಾಗಿ ಓಡಾಡಿದರು.