ಫುಲ್ ಕಂಟ್ರೋಲಿನ ಹಂಬಲ

ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆಯಬಲ್ಲೆನೆಂಬ ಒಂದೇ ಅರ್ಹತೆಯ ಮೇಲೆ, ಸರ್ವರಿನ ಯಾವ ಫೋಲ್ಡರನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು ಎಂದು ನಿಗದಿಪಡಿಸುವ ಹೊಣೆಯೂ ನನ್ನ ಕೊರಳಿಗೆ ಬಿದ್ದಿದೆ. ಇದನ್ನು ಎಲ್ಲರೂ ಕಂಪ್ಯೂಟರಿನ ಕೆಲಸವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಮಾನಮರ್ಯಾದೆಯ ಕೆಲಸ. ಫೈಲನ್ನು ಓದಬೇಕೆಂದು ಪರ್ಮಿಷನ್ ಕೇಳುವವರು ಕಡಿಮೆ, ಪಕ್ಕದ ಮೇಜಿನವರಿಗೆ ಇದೆ ಎಂಬ ಕಾರಣಕ್ಕೆ ಕೇಳುವವರೇ ಹೆಚ್ಚು.

1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆಗೆ ಬಂದ ಎನ್‌ಟಿಎಫ್‌ಎಸ್ ಎಂಬ, ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಏರ್ಪಾಡಿನಲ್ಲಿ ಈ ಹಕ್ಕುಗಳಿಗೆ ಮೆಟ್ಟಿಲುಗಳಿವೆ. 'ರೀಡ್' ಇದ್ದವರು ಓದಬಹುದು. 'ಮಾಡಿಫೈ' ಇದ್ದವರು ತಿದ್ದಬಹುದು, ಸೇರಿಸಬಹುದು, ಅಳಿಸಲೂಬಹುದು. 'ಫುಲ್ ಕಂಟ್ರೋಲ್' ಇದ್ದವರು ಇವೆಲ್ಲದರ ಮೇಲೆ ಇತರರ ಹಕ್ಕನ್ನೇ ಬದಲಿಸಬಹುದು, ಫೋಲ್ಡರಿನ ಒಡೆತನವನ್ನೂ ತಮ್ಮದಾಗಿಸಿಕೊಳ್ಳಬಹುದು. ಸೊಪ್ಪಿನ ಬೆಟ್ಟವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದಿತ್ತು: ತೋಟದವರು ಬೆಟ್ಟದಿಂದ ಸೊಪ್ಪು ತರಬಹುದು, ಉದುರಿದ ಒಣ ಎಲೆಯ ದರಕು ಗುಡಿಸಬಹುದು, ಆದರೆ ನೆಲ ಸರ್ಕಾರದ್ದೇ. 'ಮಾಡಿಫೈ' ಇಷ್ಟೇ. ನಮ್ಮ ವ್ಯವಸ್ಥಾಪಕರು ಈ ಹೋಲಿಕೆಯನ್ನು ಕೊನೆಯವರೆಗೂ ಶಾಂತವಾಗಿ ಕೇಳಿ, "ಅದೆಲ್ಲ ಸರಿ ಭಟ್ರೇ, ನನಗೆ ಫುಲ್ಲೇ ಇರಲಿ" ಎಂದರು.

ಕೊಟ್ಟೆ. ಅವರ ಮೌಸ್ ಹಿಡಿದ ಕೈ ಸ್ವಲ್ಪ ಭಾರ. ಫೋಲ್ಡರನ್ನು ತೆರೆಯಲು ಒತ್ತಿದ ಬೆರಳು ಬಿಡುವುದರೊಳಗೆ ಬಾಣದ ಗುರುತು ನಾಲ್ಕು ಸಾಲು ಕೆಳಗೆ ಜಾರಿರುತ್ತದೆ. ಒಂದು ಬೆಳಿಗ್ಗೆ 'ದರಪಟ್ಟಿ' ಫೋಲ್ಡರೇ ಕಾಣೆಯಾಯಿತು. ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳ ದರವನ್ನು ಬಾಯಿಪಾಠದಿಂದ ಹೇಳಲು ಯಾರಿಗೂ ಧೈರ್ಯವಿಲ್ಲ; ಕೌಂಟರಿನ ಮುಂದೆ ನಿಂತ ಕೃಷಿಕರು ಮಾತ್ರ ಚಾಲಿಯ ದರವನ್ನು ಕೇಳುವುದು ಬಿಡಲಿಲ್ಲ. ವೈರಸ್ಸೆಂದು ಕೆಲವರು, ಪ್ರತಿಸ್ಪರ್ಧಿಗಳ ಕೈವಾಡವೆಂದು ಕೆಲವರು ತರ್ಕಿಸುತ್ತಿದ್ದಾಗ, ಆ ಫೋಲ್ಡರು ಜಾರಿ ಒಳಸೇರಿದ್ದ 'ಸಭೆಯ ನಡಾವಳಿ'ಯಲ್ಲಿ ಪತ್ತೆಯಾಯಿತು. ಯಾರೂ ಎಂದೂ ತೆರೆಯದ ಫೋಲ್ಡರು ಅದೊಂದೇ ಆದ್ದರಿಂದ ಹುಡುಕಲು ತಡವಾಯಿತು.

ಲೆಕ್ಕಪತ್ರ ವಿಭಾಗದವರ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಒಂದೇ ಡ್ರೈವಿನೊಳಗೆ ಫೈಲನ್ನು ಎಳೆದು ಸ್ಥಳಾಂತರಿಸಿದರೆ ಅದು ಸಾಮಾನ್ಯವಾಗಿ ತನ್ನ ಹಳೆಯ ಹಕ್ಕುಗಳನ್ನು ಹೊತ್ತುಕೊಂಡೇ ಹೋಗುತ್ತದೆ. ನಕಲು ಮಾಡಿದರೆ ಹೊಸ ಜಾಗದ ಹಕ್ಕುಗಳನ್ನು ಪಡೆಯುತ್ತದೆ. ಅವರು ಎಲ್ಲ ಸಿಬ್ಬಂದಿಯೂ ಓದಲೇಬೇಕಾದ ರಜೆಯ ಸುತ್ತೋಲೆಯನ್ನು ಸಾಮಾನ್ಯ ಫೋಲ್ಡರಿಗೆ ಎಳೆದು ಹಾಕಿದರು, ಅದನ್ನು ಯಾರಿಗೂ ತೆರೆಯಲಾಗಲಿಲ್ಲ. ಅದೇ ವಾರ ಬೋನಸ್ ಪಟ್ಟಿಯನ್ನು ಕ್ಷಣಕಾಲಕ್ಕೆಂದು ಅಲ್ಲಿಗೇ ನಕಲು ಮಾಡಿದರು, ಅದನ್ನು ಎಲ್ಲರೂ ತೆರೆದರು. ಸುತ್ತೋಲೆಯ ಬಗ್ಗೆ ಒಬ್ಬರೂ ದೂರಲಿಲ್ಲ ಎಂಬುದನ್ನು ಗಮನಿಸಬೇಕು.

ಹೊಸಬರನ್ನು ಯಾವುದಾದರೂ ಗುಂಪಿಗೆ ಸೇರಿಸಿದರೆ ಅವರು ಒಮ್ಮೆ ಲಾಗ್ ಆಫ್ ಆಗಿ ಮರಳಿ ಒಳಬರುವವರೆಗೆ ಹಕ್ಕು ದೊರೆಯುವುದಿಲ್ಲ. ಜುಲೈಯಲ್ಲಿ ಈ ದೂರು ಬರುವುದೇ ಇಲ್ಲ, ಏಕೆಂದರೆ ಮಳೆ ಹಿಡಿದಾಗ ಕರೆಂಟೇ ಎಲ್ಲರನ್ನೂ ದಿನಕ್ಕೆ ಹಲವು ಬಾರಿ ಲಾಗ್ ಆಫ್ ಮಾಡಿಸುತ್ತದೆ. ನನಗೆ ಕಷ್ಟವಿರುವುದು ಫೆಬ್ರುವರಿಯಲ್ಲಿ.

ಬೋನಸ್ ಪಟ್ಟಿಯ ಪ್ರಕರಣದಿಂದ ಕೆರಳಿದ ವ್ಯವಸ್ಥಾಪಕರು, ತಮ್ಮ ಪೂರ್ಣಾಧಿಕಾರವನ್ನು ಬಳಸಿ, ಆ ಸಾಮಾನ್ಯ ಫೋಲ್ಡರಿನಲ್ಲಿ 'ಸಿಬ್ಬಂದಿ' ಗುಂಪಿನ ಮುಂದೆ 'ಡಿನೈ', ಅಂದರೆ ನಿರಾಕರಣೆ, ಎಂಬಲ್ಲೆಲ್ಲ ಗುರುತು ಹಾಕಿದರು. ಒಂದೇ ಫೋಲ್ಡರಿನ ಮೇಲೆ 'ಅಲೌ' ಮತ್ತು 'ಡಿನೈ' ಎದುರಾದರೆ 'ಡಿನೈ'ಯೇ ಗೆಲ್ಲುತ್ತದೆ. ಸಿಬ್ಬಂದಿಯ ಗುಂಪಿನಲ್ಲಿ ವ್ಯವಸ್ಥಾಪಕರೂ ಇದ್ದರು. ಸಂಬಳ ಪಡೆಯುವವರೆಲ್ಲ ಸಿಬ್ಬಂದಿಯೇ ಎಂಬುದು ಅವರಿಗೆ ಅಂದು ಹೊಳೆದಂತೆ ತೋರಿತು. ಆ ಗುಂಪಿಗೆ ಸೇರದ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಒಳಹೊಕ್ಕು ಎಲ್ಲವನ್ನೂ ಸರಿಪಡಿಸಿದೆ. ಸರಿಪಡಿಸುವಾಗಲೇ ಅವರ 'ಫುಲ್ ಕಂಟ್ರೋಲ್' ಸದ್ದಿಲ್ಲದೆ 'ಮಾಡಿಫೈ'ಗೆ ಇಳಿಯಿತು.

ಅವರಿಗೆ ಇದು ಗೊತ್ತಾಗಲಾರದು ಎಂದುಕೊಂಡಿದ್ದೆ. ಆದರೆ ಹಕ್ಕುಗಳ ಪಟ್ಟಿಯನ್ನು ತೆರೆದು ನೋಡುವುದನ್ನು ಅವರು ಈಗಾಗಲೇ ಕಲಿತಿದ್ದರು. ತಮ್ಮ ಹೆಸರಿಗಿಂತ ಮೇಲೆ, ಎಸ್-1-5-21 ಎಂದು ಆರಂಭವಾಗಿ ಸಾಲಿನ ಉದ್ದಕ್ಕೂ ಅಂಕಿಗಳಿರುವ ಯಾರೋ ಒಬ್ಬರಿಗೆ ಫುಲ್ ಕಂಟ್ರೋಲ್ ಇರುವುದನ್ನು ಕಂಡು ನನ್ನನ್ನು ಕರೆಸಿದರು. ಖಾತೆಯನ್ನು ಅಳಿಸಿದರೂ ಅದಕ್ಕೆ ಕೊಟ್ಟಿದ್ದ ಹಕ್ಕಿನ ಸಾಲು ಅಳಿಯುವುದಿಲ್ಲ, ಹೆಸರಿನ ಬದಲು ಅದರ ಗುರುತಿನ ಸಂಖ್ಯೆ ಉಳಿಯುತ್ತದೆ, ಇದು ನಿವೃತ್ತರಾದ ಹಿಂದಿನ ವ್ಯವಸ್ಥಾಪಕರದ್ದು ಎಂದು ವಿವರಿಸಿದೆ.

"ಮನೆಯಲ್ಲಿ ಕವಳ ಹಾಕಿ ಕೂತವರಿಗೆ ಫುಲ್ಲು, ಕುರ್ಚಿಯಲ್ಲಿರುವ ನನಗೆ ಮಾಡಿಫೈಯೇ ಭಟ್ರೇ?"

ಆ ಸಾಲನ್ನು ಈಗಲೇ ಅಳಿಸುತ್ತೇನೆಂದೆ. ಅವರು ಕೈಯೆತ್ತಿ ತಡೆದು, ಸುಮ್ಮನೆ ಅಳಿಸುವುದಕ್ಕಿಂತ ಅದನ್ನು ತಮ್ಮ ಹೆಸರಿಗೆ ಖಾತೆ ಬದಲಿಸಿಕೊಡಲು ಬರುವುದೇ ಎಂದು ಕೇಳಿದರು.