ಜೊಲ್ಲು ಬೇಕು, ಕಫ ಬೇಡ

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 2020ರಲ್ಲಿ ಕೋವಿಡ್ ಪರೀಕ್ಷೆಗೆ ಜನ ಮನೆಯಲ್ಲೇ ಡಬ್ಬಿಗೆ ಜೊಲ್ಲು ತುಂಬಿ ಕೊಟ್ಟರು. ಮೂಗಿಗೆ ಕಡ್ಡಿಯಿಲ್ಲ, ನರ್ಸಮ್ಮನಿಗೆ ಕಾಯಬೇಕಿಲ್ಲ. ಕಿಡ್ನಿ ಕಸಿಯಾದವರಲ್ಲಿ ಸಿಎಂವಿ (ಸೈಟೊಮೆಗಾಲೊವೈರಸ್, ಮೈಯಲ್ಲಿ ಮಲಗಿದ್ದು ರೋಗನಿರೋಧ ಕುಗ್ಗಿದಾಗ ಏಳುವ ವೈರಸ್) ತಲೆಯೆತ್ತಿದೆಯೇ ಎಂದು ನೋಡಲೂ ಈ ದಾರಿ ಹಿಡಿಯಬಹುದು. ಅದರ ಪ್ರಯೋಜನ ಇಂಗ್ಲೆಂಡಿಗಿಂತ ನಮ್ಮೂರಿಗೇ ಹೆಚ್ಚು. ರಾಯಚೂರಿನಲ್ಲಿ ರಕ್ತ ತೆಗೆಯಬಹುದು, ಆದರೆ ಒಂದು ದಿನದೊಳಗೆ ಅದರ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸಿ ತಣ್ಣಗೆ ಬೆಂಗಳೂರು ಮುಟ್ಟಿಸುವುದೇ ತಲೆನೋವು.

ಹಾಗಂತ ಇಂಗ್ಲೆಂಡಿನ ಕಿಟ್ಟನ್ನೂ ಸೂಚನಾ ಚೀಟಿಯನ್ನೂ ಹಾಗೇ ನಮ್ಮೂರಿಗೆ ಒಯ್ದರೆ ಕೆಡುತ್ತದೆ. ಮೊದಲ ತೊಡಕು ಮಾತಿನದು. ‘ಉಗುಳಿ’ ಎಂದರೆ ನಮ್ಮವರು ಕ್ಯಾಕರಿಸಿ ಕಫ ತೆಗೆಯುತ್ತಾರೆ. ಕ್ಷಯದ ಪರೀಕ್ಷೆಗೆ ಆಸ್ಪತ್ರೆ ಕಲಿಸಿದ್ದೂ ಅದನ್ನೇ ತಾನೆ! ಕಫ ಅಂಟಂಟು, ಲ್ಯಾಬಿನ ಹೀರುಗೊಳವೆ ಪಿಪೆಟ್ಟಿಗೆ ಏರುವುದಿಲ್ಲ. ತಲೆ ಮುಂದಕ್ಕೆ ಬಾಗಿಸಿ, ಬಾಯಲ್ಲಿ ನೀರೂರಲು ಬಿಟ್ಟು, ಅದು ತಾನಾಗಿ ಕೊಳವೆಗೆ ಇಳಿಯಬೇಕು. ನೊರೆ ಬಿಟ್ಟು 2 ಮಿಲಿ ಸಾಕು. ಚೀಟಿಯಲ್ಲಿ ‘ಜೊಲ್ಲು ಸುರಿಸಿ’ ಎಂದೇ ಬರೆಯಲಿ, ‘ಲಾಲಾರಸ’ ಲ್ಯಾಬಿನ ಕಾಗದದಲ್ಲಿರಲಿ.

ಎರಡನೆಯದು ಎಲೆ ಅಡಿಕೆ. ಅಡಿಕೆಯ ಒಗರು, ಸುಣ್ಣದ ಕ್ಯಾಲ್ಸಿಯಂ ಎರಡೂ ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಯ ಕಿಣ್ವವನ್ನು ತಡೆಯಬಲ್ಲವು. ಅರ್ಧ ಗಂಟೆ ಊಟ, ಕಾಫಿ, ಹಲ್ಲುಜ್ಜುವುದು ಬೇಡವೆಂಬ ಇಂಗ್ಲೆಂಡಿನ ನಿಯಮ ಎಲೆ ಅಡಿಕೆಗೆ ಸಾಲದು. ಬೆಳಿಗ್ಗೆ ಎದ್ದು ಬರಿಬಾಯಲ್ಲಿ ಕೊಡುವುದೇ ಸರಿ. ಕಸಿಯನ್ನು ಮೈ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೋರಿನ್, ಬಿಪಿಯ ಅಮ್ಲೋಡಿಪಿನ್ ನುಂಗುವವರಲ್ಲಿ ವಸಡು ಬೆಳೆದು ರಕ್ತ ಒಸರುವುದುಂಟು. ಕೆಂಪಗಿದ್ದರೆ ಚೀಟಿಯಲ್ಲಿ ಬರೆಯಬೇಕು, ಇಲ್ಲವಾದರೆ ಸಿಕ್ಕ ವೈರಸ್ ಜೊಲ್ಲಿನದೋ ರಕ್ತದ್ದೋ ತಿಳಿಯದು. ಇನ್ನು ಬಿಸಿಲು: ಏಪ್ರಿಲ್‌ನ ರಾಯಚೂರಿನಲ್ಲಿ ಡಿಎನ್‌ಎ ಕಾಯುವ ದ್ರಾವಣವಿಲ್ಲದ ಕೊಳವೆಯನ್ನು ಕೊರಿಯರ್‌ಗೆ ಹಾಕಬಾರದು. ಬಾಯಿಯ ಬ್ಯಾಕ್ಟೀರಿಯಾಗಳೇ ಆ ಡಿಎನ್‌ಎಯನ್ನು ತಿಂದುಹಾಕಬಹುದು.

ಫಲಿತಾಂಶ ಓದುವಾಗಲೂ ಅವಸರ ಸಲ್ಲ. ನಮ್ಮಲ್ಲಿ ಬಹುತೇಕ ವಯಸ್ಕರ ಮೈಯಲ್ಲಿ ಸಿಎಂವಿ ಮೊದಲೇ ಮಲಗಿರುತ್ತದೆ. ರಕ್ತದಲ್ಲಿ ಇಲ್ಲದಾಗಲೂ ಬಾಯಿಗೆ ಇಣುಕಬಹುದು. ಅದೇ ಬಳಗದ ಇಬಿವಿ (ಎಪ್‌ಸ್ಟೀನ್-ಬಾರ್ ವೈರಸ್) ಅಂತೂ ಆರೋಗ್ಯವಂತರ ಜೊಲ್ಲಿನಲ್ಲೂ ಸಿಗುತ್ತದೆ. ಜೊಲ್ಲು ಒಂದನ್ನೇ ನಂಬಿ ಸಿಎಂವಿಯ ಔಷಧಿ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಶುರುಮಾಡಿದರೆ ಬಿಳಿರಕ್ತಕಣ ಕುಸಿದೀತು. ಜೊಲ್ಲಿನಲ್ಲಿ ಸಿಎಂವಿ ಏರುತ್ತಿದ್ದರೆ ಬೇಗ ರಕ್ತಪರೀಕ್ಷೆಗೆ ಕರೆಯಬೇಕು, ಅಷ್ಟೇ. ಜೊಲ್ಲಿನಲ್ಲಿ ಸಿಗಲಿಲ್ಲವೆಂದು ನಿಗದಿಯ ರಕ್ತಪರೀಕ್ಷೆ ತಪ್ಪಿಸಲೂಬಾರದು. ಕಸಿ ಕಿಡ್ನಿಯನ್ನೇ ಕೆಡಿಸುವ ಬಿಕೆ ವೈರಸ್‌ಗೆ ಈ ದಾರಿ ನನಗೆ ಒಪ್ಪಿಗೆಯಿಲ್ಲ. ಬಿಕೆಗೆ ಪ್ಲಾಸ್ಮಾದಲ್ಲಿ ವೈರಸ್‌ನ ಮಿಲಿಗೆ 1,000 ಅಥವಾ 10,000 ಪ್ರತಿಗಳಂಥ ಗಡಿ ನೋಡಿಯೇ ರೋಗನಿರೋಧ ತಗ್ಗಿಸುವ ಔಷಧಿಯನ್ನು ಇಳಿಸುವುದು. ಜೊಲ್ಲಿಗೆ ಅಂಥ ಒಪ್ಪಿತ ಗಡಿಯಿಲ್ಲ, ನೀರು ಕುಡಿದರೆ ಲೆಕ್ಕವೇ ತೆಳುವಾಗುತ್ತದೆ.

ಆದ್ದರಿಂದ ಮಾದರಿ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಪ್ರತಿ ಕೊಳವೆಯಲ್ಲೂ ವೈರಸ್ ಜೊತೆಗೆ ಮನುಷ್ಯನ ಒಂದು ಜೀನನ್ನೂ ಹುಡುಕಬೇಕು. ಅದೂ ಸಿಗದಿದ್ದರೆ ವರದಿಯಲ್ಲಿ ‘ನೆಗೆಟಿವ್’ ಎಂದು ಬರೆಯಕೂಡದು, ಮತ್ತೊಂದು ಕೊಳವೆ ಕಳಿಸಿಕೊಡಬೇಕು.