ಹಾಟ್ ಡಾಗ್ ಕೆಡುವುದು ಕೊನೆಯ ಹತ್ತು ನಿಮಿಷದಲ್ಲಿ

ಹಾಟ್ ಡಾಗ್ ಎಂದರೆ ಉದ್ದ ಬನ್ನಿನ ನಡುವೆ ಬಿಸಿ ಸಾಸೇಜ್. ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಯಾವ ಊರಿನ ಹಾಟ್ ಡಾಗ್ ಒಳ್ಳೆಯದು ಎಂಬ ಜಗಳಕ್ಕೆ ಕೊನೆಯಿಲ್ಲ. ಲಾಸ್ ಏಂಜಲೀಸಿನವರು ತಮ್ಮ ಡಾಡ್ಜರ್ಸ್ ತಂಡದ ಮೈದಾನದ ಡಾಡ್ಜರ್ ಡಾಗನ್ನು ಬಿಟ್ಟುಕೊಡುವುದಿಲ್ಲ. ಬಾಸ್ಟನ್ನಿನವರಿಗೆ ತಮ್ಮ ಮೈದಾನದ ಹಾಟ್ ಡಾಗ್ ಆದ ಫೆನ್‌ವೇ ಫ್ರ್ಯಾಂಕ್ ಮುಂದೆ ಉಳಿದದ್ದೆಲ್ಲ ಸಪ್ಪೆ. ಶಿಕಾಗೋದವರ ಹತ್ತಿರ ಈ ಮಾತು ಎತ್ತದಿರುವುದೇ ಕ್ಷೇಮ. ವಾದಕ್ಕೆ ಕೂತವರೆಲ್ಲ ಸಾಸೇಜ್ ಕಂಪನಿಯ ಹೆಸರು ಹಿಡಿದು ಜಗ್ಗಾಡುತ್ತಾರೆ. ಆದರೆ ಕಾರ್ಖಾನೆಯಿಂದ ಹೊರಡುವ ಹೊತ್ತಿಗೆ ಎಲ್ಲ ಊರಿನ ಸಾಸೇಜೂ ಹೆಚ್ಚುಕಡಿಮೆ ಮರ್ಯಾದಸ್ಥವಾಗಿಯೇ ಇರುತ್ತದೆ. ಅದರ ಮಾನ ಹೋಗುವುದು ಒಲೆಯಿಂದ ಇಳಿದು ತಿನ್ನುವವರ ಬಾಯಿ ಸೇರುವ ನಡುವಿನ ಹತ್ತು ನಿಮಿಷದಲ್ಲಿ.

ಒಳಗಿರುವುದು ನುಣ್ಣಗೆ ಅರೆದ ಮಾಂಸ, ಕೊಬ್ಬು, ಉಪ್ಪು, ಮಸಾಲೆ, ಜೊತೆಗೆ ಮಂಜುಗಡ್ಡೆ. ಅರೆಯುವ ಯಂತ್ರ ಬಿಸಿಯಾಗಿ ಕೊಬ್ಬು ಬೇರೆಯಾಗಿಬಿಟ್ಟರೆ ಇಡೀ ಹದವೇ ಒಡೆದುಹೋಗುತ್ತದೆ, ಅದಕ್ಕೇ ಮಂಜುಗಡ್ಡೆ. ಅಲ್ಲಿನ ಕಾನೂನಿನ ಪ್ರಕಾರ ಕೊಬ್ಬು ಶೇ. 30 ಮೀರುವಂತಿಲ್ಲ. ಹೊರಗಿನ ಹೊದಿಕೆಯಲ್ಲಿ ಎರಡು ಜಾತಿ. ಕುರಿಯ ಕರುಳಿನದಾದರೆ ಕಚ್ಚಿದಾಗ ಟಪ್ ಎಂದು ಸದ್ದಾಗುತ್ತದೆ, ರಸ ಚಿಮ್ಮುತ್ತದೆ. ಇನ್ನೊಂದನ್ನು ಸೆಲ್ಯುಲೋಸ್ ಕೊಳವೆಯಲ್ಲಿ ಬೇಯಿಸಿ ಆಮೇಲೆ ಕೊಳವೆ ಸುಲಿದು ತೆಗೆದಿರುತ್ತಾರೆ. ಅದು ಸದ್ದು ಮಾಡುವುದಿಲ್ಲ, ಸುಮ್ಮನೆ ತುಂಡಾಗುತ್ತದೆ. ತೂಕವನ್ನು ಒಂದು ಪೌಂಡಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಪೌಂಡಿಗೆ ಹತ್ತಾದರೆ ಒಂದೊಂದೂ 45 ಗ್ರಾಂ, ಎಂಟಾದರೆ 57, ನಾಲ್ಕಾದರೆ 113. ಹತ್ತರ ಲೆಕ್ಕದ್ದು ಬನ್ನಿನೊಳಗೆ ಹೋದರೆ ಮತ್ತೆ ಹುಡುಕಬೇಕಾಗುತ್ತದೆ.

ಹೊಗೆ ಹಾಕಿ ಬೇಯಿಸುವ ಕೆಲಸವೆಲ್ಲ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮೈದಾನದವರು ಮಾಡಬೇಕಾದ್ದು ಬಿಸಿ ಮಾಡುವುದಷ್ಟೇ. ಇಷ್ಟು ಸಣ್ಣ ಕೆಲಸವನ್ನು ಎಷ್ಟು ಬಗೆಯಲ್ಲಿ ಕೆಡಿಸಬಹುದು ಎಂಬುದೇ ಆಶ್ಚರ್ಯ. ನೀರಲ್ಲಿ ಬಿಸಿ ಮಾಡುವುದಾದರೆ ನೀರು 75ರಿಂದ 80 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಜನ ಹೆಚ್ಚಾದರೆಂದು ಗಾಬರಿಯಾಗಿ ಒಲೆ ಜೋರು ಮಾಡಿ ಕೊತಕೊತ ಕುದಿಸಿದರೆ ಒಳಗಿನ ನೀರು ಉಬ್ಬಿ ಸಾಸೇಜ್ ಉದ್ದಕ್ಕೂ ಸೀಳುತ್ತದೆ. ಆ ಸೀಳಿನಿಂದ ಉಪ್ಪೂ ಕೊಬ್ಬೂ ನೀರಿಗೆ ಇಳಿಯುತ್ತವೆ. ಒಂಬತ್ತು ಇನಿಂಗ್ಸಿನ ಆಟ ಏಳನೇ ಇನಿಂಗ್ಸಿಗೆ ಬರುವ ಹೊತ್ತಿಗೆ ಸಾಸೇಜಿಗಿಂತ ಪಾತ್ರೆಯ ನೀರೇ ರುಚಿಯಾಗಿರುತ್ತದೆ, ಆದರೆ ಅದನ್ನು ಯಾರೂ ಮಾರುವುದಿಲ್ಲ. ಉರುಳುವ ಸರಳುಗಳ ಯಂತ್ರದ ತೊಂದರೆ ಇದಕ್ಕೆ ತದ್ವಿರುದ್ಧ. ಮೊದಲ ಅರ್ಧ ಗಂಟೆ ಸಾಸೇಜ್ ಲಕಲಕ ಹೊಳೆಯುತ್ತದೆ, ಎರಡು ಗಂಟೆ ಉರುಳಿದ ಮೇಲೆ ಒಳಗಿನ ತೇವವೆಲ್ಲ ಆರಿ ಚರ್ಮ ಸುಕ್ಕುಗಟ್ಟುತ್ತದೆ. ಸುಕ್ಕು ಕಂಡರೆ ಪಕ್ಕದ ಅಂಗಡಿಗೆ ಹೋಗಿ.

ನನ್ನ ಮಟ್ಟಿಗೆ ಗ್ರಿಲ್ಲೇ ಸೈ. ಮಧ್ಯಮ ಉರಿಯಲ್ಲಿ ಹೊರಳಿಸುತ್ತಾ ಆರೆಂಟು ನಿಮಿಷ, ಅಲ್ಲಲ್ಲಿ ಕಂದು ಗೆರೆ ಮೂಡುವವರೆಗೆ. ಹಬೆಯಲ್ಲಿ ಸಾಸೇಜ್ ಮೆದುವಾಗಿಯೇ ಉಳಿಯುತ್ತದೆ, ಆ ಕಂದು ಬಣ್ಣವಾಗಲೀ ಅದರ ಘಮವಾಗಲೀ ಬರುವುದಿಲ್ಲ. ಲಾಸ್ ಏಂಜಲೀಸಿನ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1991ರಲ್ಲಿ ಅಲ್ಲಿ ಊಟ-ತಿಂಡಿಯ ಗುತ್ತಿಗೆ ಕೈ ಬದಲಾಗಿ, ಗ್ರಿಲ್ ಬಿಟ್ಟು ಹಬೆಯ ಡಾಗ್ ಕೊಡತೊಡಗಿದಾಗ ಪ್ರೇಕ್ಷಕರು ಎಬ್ಬಿಸಿದ ರಂಪಕ್ಕೆ ಗ್ರಿಲ್ ವಾಪಸ್ ಬಂತು. ಈಗಲೂ ಆ ಮೈದಾನದಲ್ಲಿ ತಿಳಿದವರು ಗ್ರಿಲ್ ಇರುವ ಅಂಗಡಿ ಎಲ್ಲಿದೆಯೆಂದು ವಿಚಾರಿಸಿಕೊಂಡೇ ಸಾಲಿಗೆ ನಿಲ್ಲುತ್ತಾರೆ. ಡಾಡ್ಜರ್ ಡಾಗ್ ಹತ್ತು ಇಂಚು ಉದ್ದ, ಬನ್ ಅದಕ್ಕಿಂತ ಗಿಡ್ಡ. ಎರಡೂ ತುದಿಯಲ್ಲಿ ಸಾಸೇಜ್ ಹೊರಗಿರುವುದರಿಂದ ಮೊದಲ ತುತ್ತಿಗೂ ಕೊನೆಯ ತುತ್ತಿಗೂ ಬನ್ ಸಿಗುವುದಿಲ್ಲ. ನಡುವೆ ಹಿಡಿದು ಒಂದು ತುದಿ ಕಚ್ಚಿದಾಗ ಇನ್ನೊಂದು ತುದಿ ಹಿಂದಕ್ಕೆ ಜಾರಿ ಪಕ್ಕದವರ ಮಡಿಲಿಗೆ ಇಣುಕುವುದೂ ಉಂಟು.

ಇನ್ನು ಫಾಯಿಲ್. ಬಿಸಿ ಸಾಸೇಜನ್ನು ಬನ್ನಿನಲ್ಲಿಟ್ಟು ಸುತ್ತಿದ ಕ್ಷಣದಿಂದ ಒಳಗೆ ಹಬೆ ನೀರಾಗತೊಡಗುತ್ತದೆ. ಮೊದಲ ಐದು ನಿಮಿಷ ಬನ್ ಮೆದುವಾಗುವುದು ಒಳ್ಳೆಯದೇ. ಅರ್ಧ ಗಂಟೆಯಾದರೆ ತಳ ಅಂಟಾಗಿ ಫಾಯಿಲಿಗೇ ಮೆತ್ತಿಕೊಳ್ಳುತ್ತದೆ, ಮೇಲಿನ ಭಾಗ ಮಾತ್ರ ಕೈಗೆ ಬರುತ್ತದೆ. ಆಹಾರ ಸುರಕ್ಷತೆಯ ನಿಯಮ ಕೇಳುವುದು 57 ಡಿಗ್ರಿಗಿಂತ ಕೆಳಗಿಳಿಯದಂತೆ ಬಿಸಿಯಾಗಿಡಬೇಕು ಎಂದಷ್ಟೇ. ಬನ್ನಿನ ಆತ್ಮಗೌರವದ ಬಗ್ಗೆ ನಿಯಮ ಸುಮ್ಮನಿದೆ. ಆದ್ದರಿಂದ ಸಾಲಿಲ್ಲದ ಅಂಗಡಿ ಕಂಡು ಖುಷಿಪಡಬೇಡಿ. ಸಾಲಿಲ್ಲದ ಕಡೆ ಸುತ್ತಿಟ್ಟ ಡಾಗ್ ದೀಪದ ಕೆಳಗೆ ನಿಮಗಾಗಿಯೇ ಕಾದು ಕೂತಿರುತ್ತದೆ. ಉದ್ದ ಸಾಲಿರುವಲ್ಲಿ ಒಲೆಯಿಂದ ಇಳಿದದ್ದು ಇಳಿದ ಹಾಗೆ ಕೈ ಬದಲಾಗುತ್ತದೆ. ಸಾಲಲ್ಲಿ ನಿಂತಾಗ ಮೈದಾನದಿಂದ ಹೋ ಎಂದು ಕೇಳಿಬರುವ ಕೂಗೇ ಹೋಮ್ ರನ್ (ನಮ್ಮ ಕ್ರಿಕೆಟ್ಟಿನ ಸಿಕ್ಸರಿನಂಥದ್ದು), ಅದು ಆ ಡಾಗಿಗೆ ನೀವು ಕೊಟ್ಟ ಹೆಚ್ಚುವರಿ ಬೆಲೆ.

ಮೆಟ್ಟಿಲಲ್ಲಿ ಕೂಗುತ್ತಾ ಬರುವ ಮಾರಾಟಗಾರರ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬಿಸಿನೀರಿನ ಮೇಲೆ ಸಾಸೇಜ್, ಬೇರೆಯಾಗಿ ಬನ್, ಒಂದು ಇಕ್ಕಳ, ಮಸ್ಟರ್ಡ್ ಎಂಬ ಸಾಸಿವೆ ಸಾಸಿನ ಪೊಟ್ಟಣ. ಕೊನೆಯ ಕ್ಷಣದಲ್ಲಿ ಜೋಡಿಸುವುದರಿಂದ ಬನ್ ಚೆನ್ನಾಗಿರುತ್ತದೆ. ನಿಮ್ಮದು ಸಾಲಿನ ನಡುವಿನ ಕುರ್ಚಿಯಾದರೆ ಆ ಡಾಗ್ ಏಳೆಂಟು ಅಪರಿಚಿತ ಕೈಗಳನ್ನು ದಾಟಿ ಬರಬೇಕು. ಅಮೆರಿಕದಲ್ಲಿ ಯಾರೂ ನಡುವೆ ಕಚ್ಚುವುದಿಲ್ಲ, ಆದರೆ ಯಾರಾದರೊಬ್ಬರು ಪ್ರೀತಿಯಿಂದ ಗಟ್ಟಿಯಾಗಿ ಹಿಡಿದೇ ಹಿಡಿಯುತ್ತಾರೆ.

ಬನ್ನಿನ ವಿಷಯದಲ್ಲಿ ಬಾಸ್ಟನ್ ಸೀಮೆಯವರ ತಲೆ ಚೆನ್ನಾಗಿ ಓಡಿದೆ. 1912ರಿಂದ ನಡೆಯುತ್ತಿರುವ ಫೆನ್‌ವೇ ಪಾರ್ಕಿನ ಫ್ರ್ಯಾಂಕ್ ಸಿಗುವುದು ಆ ಸೀಮೆಯದೇ ಹೆಸರಿನ ನ್ಯೂ ಇಂಗ್ಲೆಂಡ್ ಬನ್ನಿನಲ್ಲಿ. ಅದರ ಸೀಳು ಪಕ್ಕದಲ್ಲಲ್ಲ, ನೆತ್ತಿಯ ಮೇಲೆ. ಎರಡು ಬದಿಗೂ ಗಟ್ಟಿ ಹೊರಪದರ ಇಲ್ಲ, ಚಪ್ಪಟೆ. ಬೆಣ್ಣೆ ಸವರಿ ಕಾವಲಿಯ ಮೇಲಿಟ್ಟರೆ ಎರಡೂ ಕಡೆ ಸಮನಾಗಿ ಕೆಂಪಗಾಗುತ್ತದೆ, ತಟ್ಟೆಯಲ್ಲಿಟ್ಟರೆ ಮಗುಚದೆ ನೆಟ್ಟಗೆ ನಿಲ್ಲುತ್ತದೆ. ಪಕ್ಕ ಸೀಳಿದ ಬನ್ನಿನಲ್ಲಿ ಎರಡು ಭಾಗ ಕೂಡುವ ಮಡಿಕೆ ತೆಳ್ಳಗಿರುವುದರಿಂದ ಮೂರನೇ ತುತ್ತಿಗೆ ಅದು ಹರಿದು ಎರಡು ಹೋಳಾಗುತ್ತದೆ. ಆಮೇಲೆ ತಿನ್ನುವುದಲ್ಲ, ಆಯುವುದು.

ಶಿಕಾಗೋದ ರಿಗ್ಲಿ ಫೀಲ್ಡಿನಲ್ಲಿ ಸಿಗುವ ಶಿಕಾಗೋ ಡಾಗ್ ಒಂದು ತೋಟವೇ ಸರಿ. ಗಸಗಸೆ ಮೆತ್ತಿದ ಬನ್ನು, ದನದ ಮಾಂಸದ ಸಾಸೇಜು, ಹಳದಿ ಮಸ್ಟರ್ಡ್, ಕಣ್ಣು ಕುಕ್ಕುವ ಹಸಿರು ರೆಲಿಷ್ (ಸಿಹಿ-ಹುಳಿಯ ಸೌತೆ ಗೊಜ್ಜು), ಹೆಚ್ಚಿದ ಈರುಳ್ಳಿ, ಟೊಮೆಟೊ ಹೋಳು, ಉದ್ದಕ್ಕೆ ಸೀಳಿದ ಸೌತೆ ಉಪ್ಪಿನಕಾಯಿ, ಖಾರದ ಪುಟ್ಟ ಮೆಣಸಿನಕಾಯಿ, ಮೇಲೆ ಸೆಲರಿ ಉಪ್ಪು. ಕೆಚಪ್ ನಿಷಿದ್ಧ. ಅಮೆರಿಕದ ರಾಷ್ಟ್ರೀಯ ಹಾಟ್ ಡಾಗ್ ಮಂಡಳಿಯಂತೂ ಹದಿನೆಂಟು ದಾಟಿದವರು ಕೆಚಪ್ ಹಾಕಬಾರದೆಂದು ವಿಧಿಸಿದೆ, ಮತದಾನಕ್ಕೂ ಅದೇ ವಯಸ್ಸು. ಮೊದಲು ದ್ರವ, ಆಮೇಲೆ ತುಂಡು, ಆಮೇಲೆ ಚೀಸ್, ಕೊನೆಗೆ ಪುಡಿ ಎಂಬ ಕ್ರಮವೂ ಅವರದೇ, ಐದು ತುತ್ತಿನಲ್ಲಿ ಮುಗಿಸಬೇಕೆಂಬುದೂ ಅವರದೇ. ಕ್ರಮದಲ್ಲಿ ಅರ್ಥವಿದೆ: ಈರುಳ್ಳಿ ಮೊದಲು ಬಿದ್ದರೆ ಅಂಟಿಕೊಳ್ಳಲು ಮಸ್ಟರ್ಡ್ ಇರುವುದಿಲ್ಲ, ನೇರ ಪ್ಯಾಂಟಿಗೆ ಇಳಿಯುತ್ತದೆ. ಐದು ತುತ್ತಿನ ಮಾತು ಮಾತ್ರ ಉಪ್ಪಿನಕಾಯಿ ಸೀಳಿನ ಮುಂದೆ ನಡೆಯುವುದಿಲ್ಲ. ಅದು ಹಲ್ಲಿಗೆ ಕತ್ತರಿಸದೆ ಇಡಿಯಾಗಿ ಎಳೆದುಕೊಂಡು ಬರುತ್ತದೆ, ಬರುವಾಗ ಟೊಮೆಟೊ ಪರಿವಾರವನ್ನೂ ಕರೆತರುತ್ತದೆ.

ಬಟ್ಟೆಗೆ ಅತಿ ದೊಡ್ಡ ಶತ್ರು ಸಾಸ್ ಪಂಪು. ಡಬ್ಬಿ ಖಾಲಿಯಾಗುತ್ತಾ ಬಂದಾಗ ಕೊಳವೆಯಲ್ಲಿ ಗಾಳಿ ಸೇರುತ್ತದೆ. ಒತ್ತಿದರೆ ಏನೂ ಬರುವುದಿಲ್ಲ, ಇನ್ನೂ ಜೋರಾಗಿ ಒತ್ತಿದರೆ ಬುಸ್ಸೆಂದು ಅಂಗಿಯವರೆಗೆ ಬರುತ್ತದೆ. ಮೊದಲ ಒತ್ತನ್ನು ಯಾವಾಗಲೂ ಕಾಗದದ ತಟ್ಟೆಯ ಅಂಚಿಗೆ ಕೊಡಿ. ಕೆಚಪ್ಪಾದರೆ ಮೇಲೆ ತೇಲಿದ ನೀರೂ ಅದರಲ್ಲೇ ಹೋಗುತ್ತದೆ. ಹಳದಿ ಮಸ್ಟರ್ಡಿಗೆ ಬಣ್ಣ ಕೊಡುವುದು ನಮ್ಮ ಅರಿಶಿನವೇ. ಅರಿಶಿನದ ಕಲೆ ಹೋಗುವುದು ಎಷ್ಟು ಕಷ್ಟವೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಕ್ಲೀವ್‌ಲ್ಯಾಂಡಿನವರು ಅಭಿಮಾನದಿಂದ ಹಾಕುವ ಕಂದು ಮಸ್ಟರ್ಡ್ ಖಾರವೂ ಹೆಚ್ಚು, ರುಚಿಯೂ ಹೆಚ್ಚು. ನನ್ನ ಓಟು ಅದಕ್ಕೆ.

ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದು ಮೈದಾನಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಮಾಮೂಲಿ ಡಾಡ್ಜರ್ ಡಾಗ್ ಹಂದಿ ಮಾಂಸದ್ದು. ಶಿಕಾಗೋದ್ದು, ಬಾಸ್ಟನ್ನಿನದು ದನದ ಮಾಂಸದ್ದು. ಚಿಕನ್ನೇ ಇರಬಹುದು ಎಂದುಕೊಂಡು ಆರ್ಡರ್ ಮಾಡಿ ಆಮೇಲೆ ಪೇಚಾಡಬೇಡಿ. ಸಸ್ಯಾಹಾರಿ ಡಾಗ್ ಅನೇಕ ಕಡೆ ಸಿಗುತ್ತದೆ, ಆದರೆ ಅದೇ ಗ್ರಿಲ್, ಅದೇ ಇಕ್ಕಳವೇ ಎಂದು ಕೇಳುವುದು ವಾಸಿ. ಸ್ಯಾನ್ ಫ್ರಾನ್ಸಿಸ್ಕೋದ ಮೈದಾನದಲ್ಲಿ ಬೆಳ್ಳುಳ್ಳಿ ಫ್ರೈಸ್ ಇದೆ. ಬೆಳ್ಳುಳ್ಳಿಯೂ ಆಗದವರಿಗೆ ಸಿಪ್ಪೆಸಹಿತ ಕಡಲೆಕಾಯಿ, ಆಟ ಮುಗಿದಾಗ ಕುರ್ಚಿಗಳ ಕೆಳಗೆ ನೋಡಿದರೆ ಬಸವನಗುಡಿ ಪರಿಷೆಯ ಮಾರನೇ ದಿನದಂತಿರುತ್ತದೆ.

ಉದ್ದ ಹೆಚ್ಚಿಸಿದರೆ ಗುಣವೂ ಹೆಚ್ಚುತ್ತದೆಂದು ನಂಬಿದವರು ಟೆಕ್ಸಸ್‌ನವರು. ಅವರ ರೇಂಜರ್ಸ್ ತಂಡದ ಮೈದಾನದಲ್ಲಿ 2012ರಲ್ಲಿ ಬಂದ ಬೂಮ್‌ಸ್ಟಿಕ್ ಎಂಬ ಡಾಗ್ 24 ಇಂಚು, ಆಗ ಬೆಲೆ 26 ಡಾಲರ್. ಮೈದಾನದ ಕುರ್ಚಿಯ ಅಗಲ ಸುಮಾರು 20 ಇಂಚು. ಹೀಗಾಗಿ ನೀವು ನಿಮ್ಮ ಜಾಗದಲ್ಲಿ ಕೂತರೂ ನಿಮ್ಮ ತಿಂಡಿ ಪಕ್ಕದವರ ಜಾಗದಲ್ಲಿ ಕೂರುತ್ತದೆ. ಮೇಲೆ ಸುರಿದ ಚೀಸ್ ಮಧ್ಯಭಾಗ ತಲುಪುವಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ.

ಎಲ್ಲಕ್ಕಿಂತ ಕನಿಷ್ಠ ದರ್ಜೆಯದು ಹಾರಿ ಬರುವ ಹಾಟ್ ಡಾಗ್, ಅದೂ ಪುಕ್ಕಟೆ. ಫಿಲಡೆಲ್ಫಿಯಾದಲ್ಲಿ 2023ರ ಏಪ್ರಿಲ್‌ನ ಡಾಗ್‌ಗೆ ಒಂದೇ ಡಾಲರ್ ಎಂಬ ವಿಶೇಷ ರಾತ್ರಿ ಪ್ರೇಕ್ಷಕರು ಅಗ್ಗಕ್ಕೆ ಸಿಕ್ಕ ಡಾಗ್‌ಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡಿದರು. ಮರುವರ್ಷ ಆ ಯೋಜನೆಯೇ ನಿಂತಿತು. ಕಾನ್ಸಾಸ್ ಸಿಟಿಯಲ್ಲಿ 2009ರಲ್ಲಿ ಪ್ರೇಕ್ಷಕರನ್ನು ರಂಜಿಸಲು ತಂಡ ಇಟ್ಟುಕೊಂಡಿದ್ದ ಸಿಂಹದ ವೇಷದವನು ಎಸೆದ ಫಾಯಿಲ್ ಸುತ್ತಿದ ಡಾಗ್ ಒಬ್ಬರ ಕಣ್ಣಿಗೆ ಬಡಿದು ಗಾಯವಾಗಿ, ಮೊಕದ್ದಮೆ ಮಿಸೂರಿ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚೆಂಡು ಬಡಿಯಬಹುದೆಂಬುದು ಆಟದ ಸಹಜ ಅಪಾಯ, ಹಾಟ್ ಡಾಗ್ ಬಡಿಯುವುದು ಅಲ್ಲ ಎಂದು 2014ರಲ್ಲಿ ಕೋರ್ಟು ಹೇಳಿತು. ಮರುವರ್ಷದ ವಿಚಾರಣೆಯಲ್ಲಿ ಜ್ಯೂರಿ ತಂಡದ ಮೇಲೆ ಹೊಣೆ ಹೊರಿಸಲಿಲ್ಲ. ಫಿಲಡೆಲ್ಫಿಯಾ ತಂಡದ ಇಂಥದೇ ವೇಷಧಾರಿ, ಹಸಿರು ಫ್ಯಾನಾಟಿಕ್ ಬಳಿಯಂತೂ ಡಾಗ್ ಹಾರಿಸುವ ಬಂದೂಕೇ ಇದೆ. 2018ರಲ್ಲಿ ಅಲ್ಲೂ ಒಬ್ಬರ ಕಣ್ಣಿಗೆ ಪೆಟ್ಟಾಯಿತು. ಹಾರುವಾಗ ಬನ್ನೂ ಸಾಸೇಜೂ ಆಕಾಶದಲ್ಲೇ ವಿಚ್ಛೇದನ ಪಡೆಯಬಾರದೆಂದು ಅದಕ್ಕೆ ಬಿಗಿಯಾಗಿ ಡಕ್ಟ್ ಟೇಪ್ ಸುತ್ತಿರುತ್ತಾರೆ. ಆ ಟೇಪು ಉಗುರಿಗೆ ಬಿಡುವಂಥದ್ದಲ್ಲ, ಚಾಕು ಬೇಕು. ಚಾಕು ತಂದವರನ್ನು ಗೇಟಿನಲ್ಲೇ ತಡೆದಿರುತ್ತಾರೆ.